ನಾಲಿಗೆ ಕೊಳೆಯ ವಾರದ ತೂಕ

ಜನನ-ಮರಣ ನೋಂದಣಿ ಕಚೇರಿಯ ಹನ್ನೊಂದು ಮಂದಿ ಸಿಬ್ಬಂದಿಯ ನಾಲಿಗೆಗಳನ್ನು ಇಲಾಖೆಯು ತನ್ನ ಉಸ್ತುವಾರಿಗೆ ತೆಗೆದುಕೊಂಡಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಕಾರಣವಿಲ್ಲದೆ ಅಲ್ಲ. ನಮ್ಮ ಹೆಡ್ ಗುಮಾಸ್ತರು ಕಿಂಡಿಯಿಂದ ಬಗ್ಗಿ "ಏನಾಗ್ಬೇಕು?" ಎಂದರೆ ಸಾಕು, ಮರಣಪತ್ರಕ್ಕೆ ಬಂದವರಿಗೆ ಸತ್ತವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಬಾಯಿವಾಸನೆಯ ದೂರುಗಳು ಕಂತೆಗಟ್ಟಲೆ ಬಂದವು.

ಇಲಾಖೆ ಕೈಕಟ್ಟಿ ಕೂರಲಿಲ್ಲ. ತಲಾ ಒಂದು ತಾಮ್ರದ ಟಂಗ್ ಕ್ಲೀನರ್ ಕಳಿಸಿತು. ಸುತ್ತೋಲೆಯಲ್ಲಿ ಅದರ ಹೆಸರು 'ಜಿಹ್ವಾ ಶುದ್ಧೀಕರಣ ಪಟ್ಟಿಕೆ'. ಸುಮ್ಮನೆ ಕೊಟ್ಟರೆ ನಮ್ಮವರು ಅದರಲ್ಲಿ ಬೆನ್ನು ಕೆರೆದುಕೊಂಡಾರು. ಆದ್ದರಿಂದ ನಾಲ್ಕನೇ ನಿಯಮ: ಪ್ರತಿ ಸೋಮವಾರ ಕಚೇರಿಯಲ್ಲೇ ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹೆರೆದು, ಬಂದ ಕೊಳೆಯನ್ನು ಮೇಲ್ವಿಚಾರಕರ ಎದುರು ತೂಗಿ ವಹಿಯಲ್ಲಿ ಬರೆಸತಕ್ಕದ್ದು. ಕೊಳೆ ಹೆಚ್ಚಿದಷ್ಟೂ ಸ್ವಚ್ಛತೆ ಹೆಚ್ಚೆಂದು ಪರಿಗಣಿಸತಕ್ಕದ್ದು; ಇಲಾಖೆಯ ಪ್ರತಿ ಕಚೇರಿಗೂ ವಾರದ ಗುರಿ ನಿಗದಿಪಡಿಸತಕ್ಕದ್ದು.

ಮೊದಲ ವಾರವೇ ಹೆಡ್ ಗುಮಾಸ್ತರು ಇಡೀ ಇಲಾಖೆಗೆ ಪ್ರಥಮ. ಪ್ರಶಸ್ತಿಪತ್ರ ಕೊಡಲು ಬಂದ ನಿರ್ದೇಶಕರು ಅದನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಟ್ಟರು.

ಸಿಕ್ಕಿಬಿದ್ದವಳು ರವಾನೆ ವಿಭಾಗದ ಗುಮಾಸ್ತೆ. ಆರು ವರ್ಷದ ಮಗಳನ್ನು ಬೇರೆ ಊರಿನಲ್ಲಿ ತನ್ನ ತಾಯಿಯ ಬಳಿ ಬಿಟ್ಟು ದುಡಿಯುವವಳು. ಎರಡು ವರ್ಷದಿಂದ ಆ ಊರಿಗೇ ವರ್ಗ ಕೇಳುತ್ತಿದ್ದಳು. ಕೊನೆಗೂ ಕಡತ ಮೇಲ್ವಿಚಾರಕರ ಮೇಜಿಗೆ ಬಂತು. ಜೊತೆಗೆ ನಾಲಿಗೆಯ ವಹಿಯೂ ಬಂತು.

"ಏನಮ್ಮಾ ಇದು, ಆರು ವಾರದಿಂದ ಬರೀ ಸೊನ್ನೆ?"

"ಸಾರ್, ನಾನು ಚಿಕ್ಕಂದಿನಿಂದ ದಿನಾ ಬೆಳಗ್ಗೆ ಮನೇಲೇ ನಾಲಿಗೆ ಉಜ್ತೀನಿ. ಬೇಕಾದ್ರೆ ನೋಡಿ." ನಾಲಿಗೆ ಚಾಚಿದಳು.

ಮೇಲ್ವಿಚಾರಕರು ಕನ್ನಡಕ ಏರಿಸಿ ನೋಡಿದರು. "ನಾಲಿಗೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ದಾಖಲೆ ಚೆನ್ನಾಗಿಲ್ವಲ್ಲ! ಅಭಿಯಾನಕ್ಕೆ ಅಸಹಕಾರ ಅಂತ ಬರೀಬೇಕಾಗುತ್ತೆ. ಆಮೇಲೆ ವರ್ಗ ಎಲ್ಲಿಂದ ಬರುತ್ತೆ?"

"ಮಗು ದಿನಾ ಫೋನಲ್ಲಿ ಅಳುತ್ತೆ ಸಾರ್. ನಾನೇನು ಮಾಡ್ಲಿ?"

"ಮನೇಲಿ ಉಜ್ಜೋದು ನಿಲ್ಸಿ. ಸರ್ಕಾರಿ ಕೊಳೇನ ಸ್ವಂತ ಬಚ್ಚಲಲ್ಲಿ ಚೆಲ್ಲೋಕೆ ನಿಮಗ್ಯಾರು ಅಧಿಕಾರ ಕೊಟ್ರು?"

ಮರುದಿನದಿಂದಲೇ ಅವಳು ಉಜ್ಜುವುದನ್ನು ನಿಲ್ಲಿಸಿದಳು. ಹೆಡ್ ಗುಮಾಸ್ತರು ಹಿರಿಯಣ್ಣನಂತೆ ಬುದ್ಧಿ ಹೇಳಿದರು: "ಬಾಯಿ ಮುಕ್ಕಳಿಸಲೇಬೇಡಮ್ಮಾ. ನೀರೂ ಕಡಿಮೆ ಕುಡಿ. ಅನುಭವದ ಮಾತು." ಮೂರನೇ ದಿನ ಅವಳು ತನ್ನ ಬಾಯಿಯ ವಾಸನೆಗೆ ತಾನೇ ಹೇಸಿ ಅತ್ತಳು. ಸಮಾಧಾನ ಹೇಳೋಣವೆಂದರೆ ನಾನು ಬಾಯಿ ಬಿಡುವಂತಿರಲಿಲ್ಲ. ನಾನೂ ಹದಿನೈದು ದಿನದಿಂದ ಗುರಿ ಮುಟ್ಟುವ ಪ್ರಯತ್ನದಲ್ಲಿದ್ದೆ.

ಎಲ್ಲರೂ ಶ್ರಮಿಸಿದೆವು. ಸಾರ್ವಜನಿಕರು ಎದುರಿನ ಫುಟ್‌ಪಾತಿನಲ್ಲೇ ನಿಂತು ಸನ್ನೆಯಲ್ಲಿ ಅರ್ಜಿ ಸಲ್ಲಿಸತೊಡಗಿದರು. ಹತ್ತಿರ ಬರುವವರಿಲ್ಲದ್ದರಿಂದ ದೂರು ಕೊಡುವವರೂ ಇಲ್ಲವಾದರು. ಇಲಾಖೆಯು ನಮ್ಮದನ್ನು ಅತ್ಯಂತ ಸ್ವಚ್ಛ ಕಚೇರಿಯೆಂದು ಘೋಷಿಸಿತು.

ಒಂಬತ್ತನೇ ವಾರ ಅವಳಿಗೆ ವರ್ಗವಾಯಿತು. ಬಾಗಿಲಲ್ಲೇ ಕಾದಿದ್ದ ಮಗಳು ಓಡಿಬಂದು ಕೊರಳಿಗೆ ಜೋತುಬಿದ್ದಳಂತೆ. ಇವಳು "ಪುಟ್ಟೀ" ಎಂದಳು. ಮಗು ಸರ್ರನೆ ಜಾರಿ, ಮೂಗು ಹಿಡಿದುಕೊಂಡು ಅಜ್ಜಿಯ ಹಿಂದೆ ನಿಂತಿತು.

"ಅಮ್ಮಾ, ಬಾಯಿ ತೊಳ್ಕೊಂಡು ಬಾ."

"ಇವತ್ತಿನ್ನೂ ಗುರುವಾರ ಕಣೇ ಬಂಗಾರಿ," ಎಂದಳು ತಾಯಿ, ಮುಖ ಗೋಡೆಗೆ ತಿರುಗಿಸಿ. "ಇಲ್ಲಿ ಗುರಿ ಇನ್ನೂ ಜಾಸ್ತಿಯಂತೆ."

ಈಗ ತಾಯಿ-ಮಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತು ಹರಟುತ್ತಾರೆ. ಮುದ್ದಿಗೆ ಸೋಮವಾರ ಸಂಜೆ ನಿಗದಿಯಾಗಿದೆ. ಮಗುವಿನ ಕಡೆಯಿಂದಲೂ ತಕರಾರಿಲ್ಲ.