ಟ್ಯಾಕ್ಸಿಯ ತಳದ ಮೇಲೆ ಹೊಸ ಕಾರು

"ನನ್ನ ಮಗಳನ್ನ ಹಳೇ ತಳದ ಮೇಲೆ ಕೂರಿಸೋ ಕಾರು ಈ ಮನೆ ಮುಂದೆ ನಿಲ್ಲಕೂಡದು!"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದರಲ್ಲಿ ಅಳತೆಯ ಟೇಪು ಹಿಡಿದು, ಪಿಟ್ಟಿಯ ಅಮ್ಮ ಈ ಘೋರ ಪ್ರತಿಜ್ಞೆ ಮಾಡಿದಳು. ಪಿಟ್ಟಿಗೆ ಒಂದೂವರೆ ವರ್ಷ. ಅವಳಿಗೆ ಪ್ರತಿಜ್ಞೆ ಅರ್ಥವಾಗಲಿಲ್ಲ. ಅರ್ಥವಾದವರು ಇಬ್ಬರು, ಅಪ್ಪ ಮತ್ತು ಅಜ್ಜಿ. ಇಬ್ಬರೂ ಅರ್ಥವಾಗದವರಂತೆ ಮುಖ ಮಾಡಿಕೊಂಡರು.

ಪಿಟ್ಟಿ ಹುಟ್ಟಿದಂದಿನಿಂದ ಅವಳಮ್ಮನ ಎದೆ ಸದಾ ಢವಢವ. ಚಮಚವನ್ನು ಮೂರು ಸಲ ಕುದಿಸುವಳು. ಮಗು ನಿದ್ದೆ ಮಾಡದಿದ್ದರೆ ಯಾಕೆ ಮಾಡುತ್ತಿಲ್ಲ ಎಂದು ಚಿಂತೆ. ಮಾಡಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಎಬ್ಬಿಸಿ ನೋಡುವಳು! ಇಂಥವಳ ಗಂಡ ಮೂರು ತಿಂಗಳು ಹುಡುಕಿ, ಕೈಗೆಟುಕುವ ಒಂದು ಸಂಸಾರದ ಕಾರನ್ನು ಆರಿಸಿದ್ದ. ಇವಳು ಒಂದೇ ಸಂಜೆಯಲ್ಲಿ ಅಂತರ್ಜಾಲವನ್ನೆಲ್ಲ ಜಾಲಾಡಿ ಅದರ ಜಾತಕ ಹೊರಗೆಳೆದಿದ್ದಳು. ಆ ಕಾರು ಕುಳಿತಿರುವುದು ಹತ್ತು ವರ್ಷಗಳ ಹಿಂದಿನ ಟ್ಯಾಕ್ಸಿಯೊಂದರ ಪ್ಲಾಟ್‌ಫಾರ್ಮಿನ ಮೇಲೆ!

"ಪ್ಲಾಟ್‌ಫಾರ್ಮ್ ಅಂದ್ರೆ ರೈಲು ನಿಲ್ಲುತ್ತಲ್ಲ, ಅದೇನಮ್ಮಾ?" ಎಂದರು ಅತ್ತೆ.

"ಅಲ್ಲ ಅತ್ತೆ. ಕಾರಿನ ತಳ, ಚಕ್ರ ಕೂರೋ ಜಾಗ, ಎಂಜಿನ್ ಕೂರೋ ಜಾಗ, ಕಣ್ಣಿಗೆ ಕಾಣದ ಅಷ್ಟೂ ಮೂಳೆ. ಹಳೇ ಮೂಳೆಗೆ ಹೊಸ ಬಟ್ಟೆ ತೊಡಿಸಿ ನಮಗೆ ಸಾಗಹಾಕ್ತಿದಾರೆ!"

"ಮೂಳೆ ಗಟ್ಟಿಯಿದ್ರೆ ಆಯ್ತಲ್ಲಮ್ಮ." ಅತ್ತೆಯ ಮೊಣಕಾಲಿಗೆ ಆಗಲೇ ಅರವತ್ತೆಂಟು ವರ್ಷ, ಪಾಪ, ಅನುಭವದ ಮಾತು.

"ನೋಡ್ತಿರಿ, ಇವತ್ತು ಆ ಷೋರೂಮಿನವರ ಬಾಯಿಂದಲೇ ಸತ್ಯ ಹೊರಡಿಸ್ತೀನಿ," ಎಂದಳು ಪಿಟ್ಟಿಯ ಅಮ್ಮ. ಟೇಪು, ಟಾರ್ಚು, ಮೂವತ್ತೇಳು ಪ್ರಶ್ನೆಗಳಿದ್ದ ನೋಟ್‌ಬುಕ್ಕು ಹೆಗಲ ಚೀಲ ಸೇರಿದವು. ಮಗುವಿನ ಸೀಟನ್ನು ಹೊರುವ ಭಾಗ್ಯ ಗಂಡನದಾಯಿತು.

ಷೋರೂಮಿನ ಸೇಲ್ಸ್‌ಮನ್ ನಗುಮುಖದವನು. ಬಂದವರೆಲ್ಲ "ಮೈಲೇಜ್ ಎಷ್ಟು ಕೊಡುತ್ತೆ?" ಎಂದೇ ಶುರುಮಾಡುತ್ತಾರೆ ಎಂಬುದು ಅವನ ನಂಬಿಕೆ. ಹಾಗಾಗಿ ಆ ಸಂಖ್ಯೆಯನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ನಿಂತಿದ್ದ.

"ನಿಮ್ಮ ಪ್ಲಾಟ್‌ಫಾರ್ಮಿಗೆ ಎಷ್ಟು ವಯಸ್ಸು?"

ನಾಲಗೆಯ ತುದಿಯಲ್ಲಿದ್ದ ಸಂಖ್ಯೆ ಗಂಟಲಿಗೆ ಇಳಿಯಿತು. ಆದರೆ ಆಸಾಮಿ ಗಟ್ಟಿಗ.

"ಮೇಡಂ, ಟೈಲರ್ ಪ್ರತಿ ಅಂಗಿಗೂ ಹೊಸದಾಗಿ ಅಳತೆ ಕಾಗದ ಕತ್ತರಿಸ್ತಾನಾ? ಒಂದು ಸಲ ಸರಿಯಾಗಿ ಕತ್ತರಿಸ್ಕೊಂಡ್ರೆ ಅದರ ಮೇಲೆ ನೂರು ಅಂಗಿ. ಕಾಲರ್ ಬೇರೆ, ಜೇಬು ಬೇರೆ, ಅಷ್ಟೇ. ಹೊಸ ತಳ ಮಾಡೋಕೆ ಹೊರಟ್ರೆ ಕಾರ್ಖಾನೇಲಿ ಅಚ್ಚು ಹೊಸದು, ಯಂತ್ರ ಹೊಸದು, ಪರೀಕ್ಷೆ ಎಲ್ಲ ಮೊದಲಿಂದ. ಆಮೇಲೆ ಬೆಲೆ ಕೇಳಿದ್ರೆ ಸರ್ ಇಲ್ಲೇ ಕುಸಿದು ಕೂತ್ಬಿಡ್ತಾರೆ."

ಸರ್ ಆಗಲೇ ಕೂತಿದ್ದರು.

"ಅಂದ್ರೆ ನಿಮಗೆ ಉಳಿತಾಯ, ನಮಗೆ ಹಳೇ ಮಾಲು!"

"ಉಳಿದಿದ್ದು ನಿಮಗೂ ಬರುತ್ತಲ್ಲ ಮೇಡಂ. ಹಳೇ ತಳ ಹತ್ತು ವರ್ಷ ಹಳ್ಳ ದಿಣ್ಣೆಯಲ್ಲಿ ಓಡಿದೆ. ಎಲ್ಲಿ ಕಿರುಗುಟ್ಟುತ್ತೆ, ಎಲ್ಲಿ ಸವೆಯುತ್ತೆ, ಎಲ್ಲಾ ಗೊತ್ತಾಗಿ ಸರಿ ಮಾಡಿದಾರೆ. ಯಾವ ಗ್ಯಾರೇಜಿಗೆ ಹೋದ್ರೂ ಬಿಚ್ಚೋಕೆ ಬರುತ್ತೆ, ಬಿಡಿಭಾಗ ಸಿಗುತ್ತೆ. ಹೊಸ ತಳದ ಚೇಷ್ಟೆಗಳನ್ನ ಮೊದಲು ಕೊಂಡೋರೇ ಕಂಡುಹಿಡೀಬೇಕು!"

"ಹಾಗಾದ್ರೆ ಟ್ಯಾಕ್ಸಿಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಒಪ್ಕೊಂಡ್ರಿ!"

"ಅಯ್ಯೋ ಹಾಗಲ್ಲ ಮೇಡಂ, ಬ್ರೇಕು, ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕಿನ ಪಟ್ಟಿ..."

ಅವಳಿಗೆ ಕೇಳಿಸಲಿಲ್ಲ. ಗಾಜಿನ ಗೋಡೆಯಾಚೆ ಅವಳ ಕಣ್ಣಿಗೆ ಸಾಕ್ಷಾತ್ ಸಾಕ್ಷ್ಯವೇ ಬಿದ್ದಿತ್ತು. ಗೇಟಿನ ಬಳಿ ಟೆಸ್ಟ್ ಡ್ರೈವಿಗೆಂದು ನಿಲ್ಲಿಸಿದ್ದ ಬಿಳಿ ಕಾರು. ಅದರ ಪಕ್ಕದಲ್ಲೇ, ಅಣ್ಣ ತಮ್ಮಂದಿರ ಹಾಗೆ, ಒಂದು ಬಿಳಿ ಟ್ಯಾಕ್ಸಿ!

ಟ್ಯಾಕ್ಸಿ ಡ್ರೈವರ್ ಬಾನೆಟ್ಟಿಗೆ ಒರಗಿ ನಿಂತಿದ್ದ.

"ಅಣ್ಣಾ, ನಿಮ್ಮ ಕಾರನ್ನ ಸ್ವಲ್ಪ ಅಳೀಬಹುದಾ?"

"ಅಳೀರಿ ಅಕ್ಕ. ಏನು, ಅದಕ್ಕೂ ಅಂಗಿ ಹೊಲಿಸ್ತೀರಾ?" ಎಂದ ಆತ ನಗುತ್ತ ಎದುರಿನ ಟೀ ಅಂಗಡಿಗೆ ನಡೆದ.

ಟೇಪು ಸರ್ರನೆ ಹೊರಬಂತು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ: ಎರಡೂ ಕಾರಿಗೆ ಒಂದೇ ಅಳತೆ! ಬಾಗಿಲ ಹಿಡಿ: ಅದೇ! ಕಿಟಕಿಯ ಗುಂಡಿ: ಅದೇ! ಒಂದೊಂದು 'ಅದೇ'ಗೂ ಅವಳ ಮುಖ ಕಳ್ಳನನ್ನು ಹಿಡಿದ ಪತ್ತೇದಾರಿಣಿಯಂತೆ ಬೆಳಗುತ್ತಿತ್ತು.

ಅವಳು ಟ್ಯಾಕ್ಸಿಯ ಹಿಂಬಾಗಿಲು ತೆರೆದಳು. "ರೀ, ಮಗು ಸೀಟನ್ನ ಇದರಲ್ಲಿ ಹಾಕಿ. ಅತ್ತೆ, ಪಿಟ್ಟೀನ ಅದರಲ್ಲಿ ಕೂರಿಸಿ ಪಕ್ಕದಲ್ಲಿ ನೀವು ಕೂತ್ಕೊಳ್ಳಿ. ನಿಮ್ಮ ಮೊಣಕಾಲಿಗೂ ಮುಂದಿನ ಸೀಟಿಗೂ ಎಷ್ಟು ಜಾಗ ಬರುತ್ತೆ ನೋಡೋಣ."

ನಾಲ್ಕು ಬೆರಳು. ಬರೆದುಕೊಂಡಳು. "ಇಲ್ಲೇ ಇರಿ ಅತ್ತೆ, ಆ ಸೇಲ್ಸ್‌ಮನ್‌ನ ಎಳ್ಕೊಂಡು ಬರ್ತೀನಿ. ರೀ, ನೀವೂ ಬನ್ನಿ, ಸಾಕ್ಷಿಗೆ!"

ಒಳಗೆ ಸೇಲ್ಸ್‌ಮನ್ ಫೋನಿನಲ್ಲಿದ್ದ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಮೂವರೂ ಗೇಟಿನ ಬಳಿ ಬಂದಾಗ ಟ್ಯಾಕ್ಸಿ ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಎಣ್ಣೆ ಕಲೆ ಮಾತ್ರ ಉಳಿದಿತ್ತು.

"ಪಿಟ್ಟೀ!"

ಆ ಕೂಗಿಗೆ ಷೋರೂಮಿನ ಗಾಜುಗಳು ಒಡೆಯದೆ ಉಳಿದದ್ದು ಅವನ್ನು ಕೂರಿಸಿದವನ ಪುಣ್ಯ. ಗಂಡ ತಾಯಿಗೆ ಫೋನು ಮಾಡಿದ. ಫೋನು ಹೆಂಡತಿಯ ಹೆಗಲ ಚೀಲದಲ್ಲೇ ಗುಣುಗುಟ್ಟಿತು! ಅತ್ತೆ ಎಲ್ಲಾದರೂ ಬೀಳಿಸಿಕೊಂಡಾರು ಎಂದು ಬೆಳಿಗ್ಗೆ ಇವಳೇ ತೆಗೆದಿಟ್ಟುಕೊಂಡಿದ್ದಳು.

"ಬಲಕ್ಕೆ ತಿರುಗ್ತು ಸರ್," ಎಂದ ಗೇಟಿನ ಕಾವಲುಗಾರ.

"ಮೇಡಂ, ಟ್ಯಾಕ್ಸಿ ನಂಬರ್ ಎಷ್ಟು?" ಎಂದ ಸೇಲ್ಸ್‌ಮನ್.

ಪಿಟ್ಟಿಯ ಅಮ್ಮ ನೋಟ್‌ಬುಕ್ಕು ತೆರೆದಳು. ಚಕ್ರದಿಂದ ಚಕ್ರಕ್ಕೆ ಎಷ್ಟು ಎಂಬುದು ಮಿಲಿಮೀಟರ್ ಸಮೇತ ಇತ್ತು. ಬಾಗಿಲಿನ ಅಗಲ ಇತ್ತು. ಅತ್ತೆಯ ಮೊಣಕಾಲಿನ ನಾಲ್ಕು ಬೆರಳೂ ಇತ್ತು. ನಂಬರ್ ಇರಲಿಲ್ಲ.

ಮೂವರೂ ಟೆಸ್ಟ್ ಡ್ರೈವಿನ ಕಾರಿಗೆ ಹಾರಿದರು. ಯಾವ ಕಾರಿನಲ್ಲಿ ಮಗಳನ್ನು ಕೂರಿಸುವುದಿಲ್ಲ ಎಂದು ಆಣೆ ಇಟ್ಟಿದ್ದಳೋ ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂತು "ಒತ್ರೀ, ಇನ್ನೂ ಒತ್ರೀ!" ಎಂದು ಚೀರುತ್ತಿದ್ದಳು. ಸೇಲ್ಸ್‌ಮನ್ ಒತ್ತಿದ. ಆದರೆ ಎಂಟು ವರ್ಷ ಕಾರು ಮಾರಿದ ಚಾಳಿ ಬಿಡಬೇಕಲ್ಲ?

"ನೋಡಿದ್ರಾ ಮೇಡಂ, ರಸ್ತೆ ಉಬ್ಬು ಹಾರಿದ್ದೇ ಗೊತ್ತಾಗಲಿಲ್ಲ..."

"ರೀ ಸ್ವಾಮಿ, ನನ್ನ ಮಗಳು!"

"ಸಾರಿ ಮೇಡಂ. ತಿರುವಿನಲ್ಲಿ ಹಿಡಿತ ಮಾತ್ರ ಗಮನಿಸಿ..."

ಸಿಗ್ನಲ್ಲಿನಲ್ಲಿ ಬಿಳಿ ಟ್ಯಾಕ್ಸಿ ಕಾಣಿಸಿತು. ಒಂದಲ್ಲ, ಐದು! ಅದೇ ಬಾಗಿಲು, ಅದೇ ಹಿಡಿ, ಅದೇ ಉದ್ದ. ಇಡೀ ಊರೇ ಒಂದು ತಳದ ಮೇಲೆ ಓಡಾಡುತ್ತಿದೆ ಎಂಬ ಸತ್ಯ ಅವಳಿಗೆ ಈಗ ದರ್ಶನ ಕೊಟ್ಟಿತು. ಇಳಿದು ಓಡಿ ಮೊದಲನೆಯದರ ಕಿಟಕಿ ಬಡಿದಳು. ಒಳಗೆ ಮಡಿಲಲ್ಲಿ ಗೋಡೆ ಗಡಿಯಾರ ಹಿಡಿದ ಹಿರಿಯರೊಬ್ಬರು.

"ನನ್ನ ಮಗು ಎಲ್ಲಿ?"

"ನನ್ ಹತ್ರ ಗಡಿಯಾರ ಒಂದೇ ಇರೋದಮ್ಮ," ಎಂದು ಅವರು ಅದನ್ನು ಎದೆಗವಚಿಕೊಂಡರು.

ಎರಡನೆಯದರಲ್ಲಿ ಗಂಡ ಹೆಂಡತಿ ಜಗಳ. ಆ ಹೆಂಗಸು ಇವಳ ಕೈ ಹಿಡಿದು, "ಸರಿಯಾದ ಹೊತ್ತಿಗೆ ಬಂದ್ರಿ, ನೀವೇ ಹೇಳಿ, ತಪ್ಪು ಯಾರದು?" ಎಂದಳು.

"ನಂದು," ಎಂದಳು ಪಿಟ್ಟಿಯ ಅಮ್ಮ. ಅಂದವಳೇ ಅಳಲು ಶುರುಮಾಡಿದಳು. ಮಗಳಿಗಾಗಿ ಅಲ್ಲವೇ ಇಷ್ಟೂ ಅಳತೆ? ಪ್ರಪಂಚದ ಅಪಾಯವನ್ನೆಲ್ಲ ಟೇಪು ಹಿಡಿದು ಅಳೆಯುತ್ತ, ಮಗಳನ್ನೇ ಗುರುತು ಪರಿಚಯವಿಲ್ಲದ ಕಾರಿನಲ್ಲಿ ಕೂರಿಸಿ ಬಂದಿದ್ದಳು. ಹಸಿರು ದೀಪ ಬಂತು, ಟ್ಯಾಕ್ಸಿಗಳೆಲ್ಲ ಹೊರಟುಹೋದವು. ಹಿಂದಿನವರು ಹಾರ್ನ್ ಬಾರಿಸಿದರು. ಗಂಡ ಬಂದು ಭುಜ ಹಿಡಿದ. "ಬಾ, ಷೋರೂಮಿಗೆ ಹೋಗಿ ಕ್ಯಾಮೆರಾದಲ್ಲಿ ನಂಬರ್ ನೋಡಿ ಪೊಲೀಸರಿಗೆ ಫೋನ್ ಮಾಡೋಣ. ಅಮ್ಮ ಜೊತೇಲಿದಾರೆ ಕಣೇ, ಏನೂ ಆಗಲ್ಲ," ಎಂದ. ಅವಳನ್ನು ಕಾರಿಗೆ ಕರೆತಂದ.

ವಾಪಸು ಬರುವಾಗ ಸೇಲ್ಸ್‌ಮನ್ ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಗೇಟಿನ ಬಳಿ, ಎಣ್ಣೆ ಕಲೆಯ ಮೇಲೆ, ಟ್ಯಾಕ್ಸಿ ನಿಂತಿತ್ತು!

ಷೋರೂಮಿನ ಸೋಫಾದಲ್ಲಿ ಅತ್ತೆ ಕಾಲು ನೀಡಿ ಕುಳಿತಿದ್ದರು. ಹೆಗಲ ಮೇಲೆ ಪಿಟ್ಟಿಗೆ ಗಾಢ ನಿದ್ದೆ.

"ಎಲ್ಲಿ ಹೋಗಿದ್ರಿ ಎಲ್ರೂ? ನಾನು ಟೆಸ್ಟ್ ಡ್ರೈವ್ ಮುಗಿಸಿ ಬಂದು ಹತ್ತು ನಿಮಿಷ ಆಯ್ತು!"

ಪಿಟ್ಟಿಯ ಅಮ್ಮ ಮಗಳನ್ನು ಕಿತ್ತುಕೊಂಡು ಅಪ್ಪಿದಳು. ಮಗು ಕಣ್ಣು ಬಿಟ್ಟು, ಅಮ್ಮನನ್ನು ನೋಡಿ, ಮತ್ತೆ ಮುಚ್ಚಿತು.

"ಹೊಸ ಕಾರು ಅಂದ್ರೆ ಹೀಗಿರ್ಬೇಕು ನೋಡಮ್ಮ," ಅತ್ತೆ ಮುಂದುವರಿಸಿದರು. "ಒಂದು ಕುಲುಕಿಲ್ಲ, ಸದ್ದಿಲ್ಲ. ಓಡಿಸಿದವನೂ ಸಂಭಾವಿತ. ನಾನಂತೂ ಒಪ್ಪಿಕೊಂಡುಬಿಟ್ಟೆ."

"ಅತ್ತೆ, ಅದು ಹತ್ತು ವರ್ಷದ ಟ್ಯಾಕ್ಸಿ!"

ಅತ್ತೆ ಮೊಣಕಾಲು ನೀವಿಕೊಂಡರು. "ಹೌದಾ? ಹಾಗಾದ್ರೆ ಹೊಸದು ಇನ್ನೂ ಚೆನ್ನಾಗಿರುತ್ತೆ ಬಿಡು."

ಸಿಟ್ಟೆಲ್ಲ ಡ್ರೈವರ್ ಕಡೆ ತಿರುಗಿತು. "ಅಲ್ರೀ, ಹೇಳದೆ ಕೇಳದೆ ಮಗೂನ ಕರ್ಕೊಂಡು ಹೋಗೋದಾ?"

"ಟೀ ಕುಡಿದು ಬಂದೆ, ಅಜ್ಜಿ ಕೂತಿದ್ರು. ಎಲ್ಲಿಗಮ್ಮ ಅಂದೆ, ಒಂದು ಸುತ್ತು ಹಾಕಪ್ಪ ಅಂದ್ರು, ಹಾಕ್ದೆ." ಆತ ತಲೆ ಕೆರೆದುಕೊಂಡ. "ಆದ್ರೆ ಅಕ್ಕ, ಒಂದು ಮಾತು. ಮಗು ಸೀಟಿಗೆ ಬೆಲ್ಟೇ ಹಾಕಿರಲಿಲ್ಲ ನೀವು. ಅದನ್ನ ಹಾಕಿ, ಎರಡು ಸಲ ಎಳೆದು ನೋಡಿ, ಆಮೇಲೇ ಹೊರಟಿದ್ದು."

ಪಿಟ್ಟಿಯ ಅಮ್ಮ ನೋಟ್‌ಬುಕ್ಕನ್ನು ಚೀಲದ ತಳಕ್ಕೆ ತುರುಕಿದಳು. ಸೀಟು ಹಾಕಿದ್ದ ಗಂಡ ಗಂಭೀರವಾಗಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.

ಸೇಲ್ಸ್‌ಮನ್ ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ: "ಮೇಡಂ, ಬೇರೆ ಕಾರು ತೋರಿಸ್ಲಾ? ಹೊಚ್ಚ ಹೊಸ ಪ್ಲಾಟ್‌ಫಾರ್ಮಿಂದು?"

"ಬೇಡ, ಇದೇ ಇರ್ಲಿ," ಎಂದಳು ಮಗಳ ಕೂದಲಲ್ಲಿ ಮೂಗು ಹುದುಗಿಸಿ. "ಆದ್ರೆ ಬಿಳೀದು ಮಾತ್ರ ಬೇಡ. ಊರಲ್ಲಿ ಇನ್ನೊಬ್ಬರ ಹತ್ರ ಇಲ್ಲದ ಬಣ್ಣ ಯಾವುದಾದ್ರೂ ಇದ್ಯಾ?"

"ಒಂದೇ ಒಂದು ಇದೆ ಮೇಡಂ. ಗಿಳಿ ಹಸಿರು. ಯಾರೂ ಮುಟ್ಟಲಿಲ್ಲ ಅಂತ ಎರಡು ವರ್ಷದಿಂದ ಗೋಡೌನಲ್ಲೇ ಹಳೇದಾಗ್ತಾ ನಿಂತಿದೆ..."

"ಅದನ್ನೇ ಕೊಡಿ!" ಎಂದಳು ಪಿಟ್ಟಿಯ ಅಮ್ಮ.