ನಿರ್ದೇಶಕರ ಬಿಳಿ ರಕ್ತಕಣಗಳು

ಕೀವು ತರಿಸುವ ಬ್ಯಾಕ್ಟೀರಿಯಾದ ವಿಷವು ಮನುಷ್ಯನ ಬಿಳಿ ರಕ್ತಕಣಗಳಿಗೆ ತೂತು ಕೊರೆದು ಅವನ್ನು ಕೊಲ್ಲುತ್ತದೆ. ಸಂಶೋಧನಾ ಸಂಸ್ಥೆಯ ನಿರ್ದೇಶಕರ ಕಣಗಳು ಮಾತ್ರ ಈ ನಿಯಮಕ್ಕೆ ಒಳಪಡುವುದಿಲ್ಲವೆಂದು ಸಕಲರ ಗಮನಕ್ಕೆ ತರಲಾಗಿದೆ.

ಇದು ಸಾಬೀತಾದದ್ದು ಹೊಸ ಪ್ರಯೋಗಾಲಯದ ಉದ್ಘಾಟನೆಯಂದು. ನಿರ್ದೇಶಕರು ಟೇಪಿನ ಜೊತೆಗೆ ತಮ್ಮ ಹೆಬ್ಬೆರಳನ್ನೂ ಚೂರು ಕತ್ತರಿಸಿಕೊಂಡು, ಮೊದಲ ಪ್ರಯೋಗಕ್ಕೆ ರಕ್ತವೂ ತಮ್ಮದೇ ಆಗಲೆಂದು ತೋಳೇರಿಸಿದರು. ಅವರು ಮಾತನಾಡುವಾಗ ಸದ್ದು ಮಾಡುವ ಯಂತ್ರಗಳನ್ನೆಲ್ಲ ಆರಿಸುವುದು ಸಂಸ್ಥೆಯ ಪದ್ಧತಿ. ವಿಷವಿಟ್ಟಿದ್ದ ಡೀಪ್ ಫ್ರೀಜರ್ ಗುರ್ರೆನ್ನುತ್ತಿದ್ದುದರಿಂದ ಭಾಷಣದ ಅಭ್ಯಾಸಕ್ಕೆಂದು ಹಿಂದಿನ ದಿನವೇ ಅದನ್ನು ಆರಿಸಿದ್ದರು. ಉದ್ಘಾಟನೆಯ ಹೊತ್ತಿಗೆ ಅದರಿಂದ ಹರಿದ ನೀರು ಮುಂದಿನ ಸಾಲಿನವರ ಚಪ್ಪಲಿ ಮುಟ್ಟಿತ್ತು.

ಪ್ರಯೋಗ ಮಾಡಿದವಳು ತಾತ್ಕಾಲಿಕ ಸಂಶೋಧಕಿ. ಅವಳ ನೌಕರಿ ಖಾಯಮಾಗಲು ನಿರ್ದೇಶಕರ ಒಂದು ಸಹಿ ಬಾಕಿಯಿತ್ತು. ಅದಕ್ಕಾಗಿ ಕಾದು ಕಾದು ಅವಳು ಹಣ್ಣಾಗಿದ್ದಳು. ಸತ್ತ ಕಣ ನೀಲಿ ಬಣ್ಣ ಹೀರುತ್ತದೆ, ಬದುಕಿರುವುದು ಹೀರುವುದಿಲ್ಲ. ನಿರ್ದೇಶಕರ ಕಣಗಳಿಗೆ ವಿಷ ಹಾಕಿ, ಬಣ್ಣ ಬೆರೆಸಿ, ಅವಳು ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ನೀಲಿ ಎಲ್ಲೂ ಇರಲಿಲ್ಲ.

"ಒಂದೂ ಸತ್ತಿಲ್ವಾ?" ಎಂದರು ಆಡಳಿತಾಧಿಕಾರಿ.

"ಇಲ್ಲ ಸರ್. ಆದ್ರೆ ವಿಷಾನೇ ಕೆಟ್ಟುಹೋಗಿದೆ. ಅದನ್ನೇ ನನ್ನ ಕಣಗಳಿಗೂ ಹಾಕಿ ನೋಡಿದೆ. ಅವೂ ಬದುಕಿವೆ."

"ನಿಮ್ಮವನ್ನ ಎಲ್ಲಿಟ್ಟಿದ್ರಿ?"

"ಸಾಹೇಬರ ಕಣಗಳ ಪಕ್ಕದಲ್ಲೇ."

"ಮತ್ತೆ! ದೊಡ್ಡವರ ನೆರಳಲ್ಲಿ ನಾಲ್ಕು ಜನ ಬದುಕ್ಕೋತಾರಮ್ಮ."

ಸಹಿಯ ನೆನಪಾಗಿ ಅವಳು ವರದಿಯಲ್ಲಿ 'ಸತ್ತ ಕಣಗಳು: ಸೊನ್ನೆ' ಎಂದಷ್ಟೇ ಬರೆದಳು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: "ನಿರ್ದೇಶಕರ ರೋಗನಿರೋಧಕ ಶಕ್ತಿಯನ್ನು ಸಂಸ್ಥೆಯ ಸ್ಥಿರಾಸ್ತಿಯೆಂದು ಪರಿಗಣಿಸಲಾಗಿದೆ. ಅವರೆದುರು ಸೀನಬಾರದೆಂಬ ನಿಯಮ ರದ್ದಾಗಿದೆ. ಸಿಬ್ಬಂದಿ ಇನ್ನು ಮುಂದೆ ಅವರ ಕೊಠಡಿಗೇ ಬಂದು ಸೀನತಕ್ಕದ್ದು."

ನಿರ್ದೇಶಕರೂ ಕೈಗವಸು ಬಿಸಾಡಿದರು. ಬಂದ ಅತಿಥಿಗಳಿಗೆಲ್ಲ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳನ್ನು ಬರಿಗೈಯಲ್ಲಿ ಸವರಿ ತೋರಿಸಿದರು. ವಾರ ಕಳೆಯುವುದರಲ್ಲಿ, ಉದ್ಘಾಟನೆಯಂದು ಕತ್ತರಿಸಿಕೊಂಡಿದ್ದ ಹೆಬ್ಬೆರಳು ಎಳೆ ಬದನೆಕಾಯಿಯಂತೆ ಊದಿಕೊಂಡಿತು. ಜ್ವರಕ್ಕೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ನೋಡಿ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

"ಸರ್, ಜೀವಕ್ಕೇ ಕುತ್ತು. ಈಗಲೇ ಆಸ್ಪತ್ರೆಗೆ ಹೋಗಿ."

"ಹೇಗಮ್ಮ ಹೋಗಲಿ? ನಂಗೆ ಇದು ಬರೋದೇ ಇಲ್ಲ ಅಂತ ನೀನೇ ಸಾಬೀತು ಮಾಡಿದೀಯಲ್ಲ!"

ದಾರಿ ಹುಡುಕಿದವರು ಆಡಳಿತಾಧಿಕಾರಿ. "ರೋಗ ನಿಮ್ಮ ಹೆಸರಲ್ಲಿರಲಿ," ಎಂದು ಅವಳಿಗೆ ಹೇಳಿದರು. "ಮೈ ಮಾತ್ರ ಸಾಹೇಬರದು. ಸಹಿ ಹಾಕೋ ಕೈ ಉಳೀಬೇಕು ತಾನೆ?"

ಅವಳು ಒಪ್ಪಿದಳು. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸು ಚೀಟಿ ನೋಡಿ, ಮೀಸೆ ನೋಡಿ, ಮತ್ತೆ ಚೀಟಿ ನೋಡಿ, "ಅಮ್ಮಾ, ಸೂಜಿ ಚುಚ್ತೀನಿ, ಅಲ್ಲಾಡಬೇಡಿ," ಎಂದಳು. ನಿರ್ದೇಶಕರು ತೆಪ್ಪಗೆ ತೋಳು ಕೊಟ್ಟರು. ಅತ್ತ ಸಂಶೋಧಕಿಗೆ ಅನಾರೋಗ್ಯ ರಜೆ ಹಾಕಿ, ಅದರ ಸಂಬಳ ಮುರಿದುಕೊಂಡರು.

ಹೆಬ್ಬೆರಳು ವಾಸಿಯಾಗಿ ನಿರ್ದೇಶಕರು ಮರಳಿದ ದಿನ ಅವಳು ಖಾಯಮಾತಿಯ ಅರ್ಜಿ ಹಿಡಿದು ನಿಂತಳು. ಅವರು ಪೆನ್ನು ತೆಗೆದರು, ಅವಳ ಮುಖ ನೋಡಿ ಮತ್ತೆ ಮುಚ್ಚಿಟ್ಟರು.

"ವಿಷದ ಮಧ್ಯೆ ಕೆಲಸ ಮಾಡೋಕೆ ಗಟ್ಟಿ ರಕ್ತ ಬೇಕಮ್ಮ. ಮೊನ್ನೆ ತಾನೆ ಹಾಸಿಗೆ ಹಿಡಿದವಳು ನೀನು. ಎಷ್ಟು ನರಳಿದೆ ಅಂತ ನಾನು ಕಣ್ಣಾರೆ ನೋಡಿದೀನಿ. ನಿನ್ನನ್ನ ಇಲ್ಲಿ ಖಾಯಂ ಮಾಡೋದು ಪಾಪ."

ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ.

ಹೊರಗೆ ಸಹೋದ್ಯೋಗಿಗಳು ಮುತ್ತಿಕೊಂಡು, "ಈಗ ಹೇಗಿದೀಯ?" ಎಂದು ವಿಚಾರಿಸಿದರು. ಒಬ್ಬಾಕೆ ಕುರ್ಚಿ ಎಳೆದು ಕೊಟ್ಟಳು.

"ಪರವಾಗಿಲ್ಲ," ಎಂದಳು ಅವಳು, "ಸ್ವಲ್ಪ ಸುಸ್ತು."

ಮನೆಗೂ ಸುದ್ದಿ ಮುಟ್ಟಿತ್ತು. ಅಮ್ಮ ಹಣೆ ಮುಟ್ಟಿ ನೋಡಿ, ಬಟ್ಟಲಲ್ಲಿ ಉಪ್ಪು ಹಾಕಿದ ಬಿಸಿನೀರು ತಂದಿಟ್ಟಳು. ಅವಳು ಬಲಗೈ ಹೆಬ್ಬೆರಳನ್ನು ಅದರಲ್ಲಿ ಅದ್ದಿ ಕೂತಳು.