ವಿಷಲ್ ಊದುವವನ ಪಾಡು

ಗೆದ್ದವರಿಗೆ ಕಪ್ಪು ಸಿಗುತ್ತದೆ, ಸೋತವರಿಗೆ ಬೈಯೋಕೆ ರೆಫರಿ ಸಿಗುತ್ತಾನೆ. ಅರಸೀಕೆರೆ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನನ್ನನ್ನು ತೊಂಬತ್ತರ ದಶಕದಲ್ಲಿ ಸುತ್ತಮುತ್ತ ಎಲ್ಲೇ ಆಟ ನಡೆದರೂ ಕರೆಯುತ್ತಿದ್ದರು. ಹೋದ ಕಡೆಯಿಂದ ಒಂದು ದಿನವಾದರೂ ಸುಮ್ಮನೆ ವಾಪಸ್ಸು ಬಂದ ನೆನಪಿಲ್ಲ.

ಉಸಿರು

ರೆಫರಿ ಪರೀಕ್ಷೆ ಪಾಸಾದ ಮೇಲೆ ನನ್ನ ಮೊದಲ ಕಬಡ್ಡಿ ಪಂದ್ಯ ಹಳೇಬೀಡಿನಲ್ಲಿ. ರೈಡಿಗೆ ಹೋದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತಿದ್ದಾನೋ ಇಲ್ಲವೋ, ಕಿವಿಗೊಟ್ಟು ಕೇಳಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ನಾನು ಸೊಂಟ ಬಗ್ಗಿಸಿಕೊಂಡು ಗೆರೆ ಪಕ್ಕದಲ್ಲೇ ಅವನ ಜೊತೆ ಓಡುತ್ತಾ ಕೇಳತೊಡಗಿದೆ. ಆವತ್ತಿನ ರೈಡರ್ ದಿನಾ ತೆಂಗಿನ ಮರ ಹತ್ತುವವನು. ಅವನ ಎದೆಗೂಡಿನಲ್ಲಿ ಗಾಳಿ ಎಷ್ಟು ಹಿಡಿಯುತ್ತಿತ್ತೋ ಗೊತ್ತಿಲ್ಲ.

ಕೇಳುವ ಭರದಲ್ಲಿ ನಾನೂ ಅವನ ಜೊತೆ ಉಸಿರು ಬಿಗಿ ಹಿಡಿಯುತ್ತಿದ್ದೆ ಅನ್ನುವುದು ನನಗೇ ತಿಳಿದಿರಲಿಲ್ಲ. ಮೊದಲನೇ ರೈಡಿಗೆ ಕಿವಿ ಗುಂಯ್ ಅಂತು. ಎರಡನೆಯದಕ್ಕೆ ಕಣ್ಣಿಗೆ ಕತ್ತಲೆ ಕಟ್ಟಿತು. ಮೂರನೆಯದಕ್ಕೆ ಅಲ್ಲೇ ಕುಸಿದು ಬಿದ್ದೆ. ಕಣ್ಣು ಬಿಟ್ಟಾಗ ರೈಡರ್ ಟವೆಲಿನಿಂದ ಗಾಳಿ ಹಾಕುತ್ತಿದ್ದ. ಎದುರು ತಂಡದ ಕ್ಯಾಪ್ಟನ್ ಬಗ್ಗಿ ಕೇಳಿದ:

"ಸಾರ್, ಇವನು ನಮ್ಮ ಕಡೆ ಇದ್ದಾಗಲೇ ನೀವು ಬಿದ್ದುಬಿಟ್ರಿ. ಈಗ ಪಾಯಿಂಟ್ ಯಾರಿಗೆ?"

ನಾನು ಬಾಯಿ ತೆರೆಯುವ ಮೊದಲೇ ಗೆರೆಯಾಚೆ ಕುಕ್ಕರುಗಾಲಲ್ಲಿ ಕೂತಿದ್ದ ಅಜ್ಜ ತೀರ್ಪು ಕೊಟ್ಟ: "ಅವನ ಉಸಿರು ನಿಂತಿಲ್ಲ ಕಣ್ಲಾ, ಇವರದ್ದು ನಿಂತೈತೆ. ಇವರನ್ನೇ ಔಟ್ ಕೊಡಿ."

ಬಲಿತ ಕಾಯಿ

ಕಣಕಟ್ಟೆಯಲ್ಲಿ ವಾಲಿಬಾಲ್. ನೆಟ್ಟಿನ ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ತೆಂಗಿನ ಮರಕ್ಕೆ ಕಟ್ಟಿದ್ದರು. ಮರದ ಬುಡದಲ್ಲಿ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು. ಪಂದ್ಯ ಶುರುವಾಗುವ ಹೊತ್ತಿಗೆ ತೋಟದ ಯಜಮಾನರು ಹತ್ತಿರ ಬಂದು ತಣ್ಣಗೆ ಹೇಳಿದರು: "ಸಾರ್, ಮೇಲೆ ಕಾಯಿ ಬಲಿತೈತೆ. ಗಾಳಿ ಬಂದಾಗ ಒಸಿ ನೋಡ್ಕಳಿ."

ಅವತ್ತು ಬೆಳಗಿನಿಂದಲೂ ಗಾಳಿ ಇತ್ತು. ಚೆಂಡು ಯಾವ ಕಡೆ ಬಿತ್ತು ಅನ್ನುವುದನ್ನು ಸದ್ದಿನ ಮೇಲೆ ಅಂದಾಜು ಮಾಡಿ ಕೈ ತೋರಿಸುತ್ತಿದ್ದೆ. ಕಣ್ಣು ಮಾತ್ರ ಗೊನೆ ಬಿಟ್ಟು ಇಳಿಯಲಿಲ್ಲ. ಪಂದ್ಯ ಮುಗಿದು ಕೆಳಗಿಳಿದಾಗ ಕತ್ತು ನೆಟ್ಟಗಾಗಲಿಲ್ಲ. ಸೋತ ತಂಡದ ಕ್ಯಾಪ್ಟನ್ ಜಗಳಕ್ಕೆ ಬಂದ.

"ಏನ್ ಸಾರ್ ನೀವು, ಒಂದು ಸಲನೂ ಆಟ ನೋಡಲಿಲ್ಲ. ಮರ ನೋಡ್ತಾ ಕೂತಿದ್ರಿ."

ಗೆದ್ದ ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳಿದ: "ನೋಡಿದ್ರೆ ತಾನೇ ಕಣೋ ಪಕ್ಷಪಾತ ಮಾಡೋಕಾಗೋದು."

ಎರಡು ಸಲ ಊದಿದರೆ

ಗಂಡಸಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಅಂಟಿಕೊಂಡೇ ಆಟದ ಬಯಲು. ಖೋ ಖೋ ಪಂದ್ಯ ಜೋರಾಗಿತ್ತು. ಅರಸೀಕೆರೆ ಕಡೆಯಿಂದ ಬಂದ ಬಸ್ಸು ನಿಂತಿತು. ಕಂಡಕ್ಟರು ಇಳಿದು, ಚರ್ಮದ ಚೀಲ ಬಗಲಲ್ಲಿ ಇಟ್ಟುಕೊಂಡು ಗೆರೆ ಪಕ್ಕ ನಿಂತ. ಸ್ವಲ್ಪ ಹೊತ್ತಿಗೆ, "ಎಡಗಡೆ ಎಡಗಡೆ, ಬಿಡಬೇಡ್ರೋ" ಅಂತ ಹುಡುಗರಿಗೆ ಹೇಳಿಕೊಡಲೂ ಶುರುಮಾಡಿದ.

ಆಟದ ಅವಧಿ ಮುಗಿಯಿತು. ನಾನು ನಿಯಮದಂತೆ ಎರಡು ಸಲ ವಿಷಲ್ ಊದಿದೆ. ಬಸ್ಸಿನವರಿಗೆ ಒಂದು ವಿಷಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಡ್ರೈವರು ಹಿಂದೆ ಮುಂದೆ ನೋಡದೆ ಗೇರು ಹಾಕಿ ಹೊರಟೇಬಿಟ್ಟ. ಕಂಡಕ್ಟರು ಚೀಲ ಅವುಚಿಕೊಂಡು ಹಿಂದೆ ಓಡಿದ. ಅಷ್ಟು ಚೆನ್ನಾಗಿ ಓಡಿದವರು ಅವತ್ತಿನ ಪಂದ್ಯದಲ್ಲಿ ಯಾರೂ ಇರಲಿಲ್ಲ. ಬಸ್ಸು ಮಾತ್ರ ಸಿಗಲಿಲ್ಲ. ಅವನು ವಾಪಸ್ಸು ಬಂದು ನನ್ನ ಮುಂದೆ ಏದುಸಿರು ಬಿಡುತ್ತಾ ನಿಂತ. ಸಿಟ್ಟು ಮಾಡಲಿಲ್ಲ. ಕೊರಳಿಂದ ಚೀಲ ತೆಗೆದು ನನ್ನ ಕೈಗೆ ಕೊಟ್ಟ.

"ವಿಷಲ್ ಊದೋರು ನೀವೇ ಆದ್ಮೇಲೆ ಟಿಕೆಟ್ಟೂ ನೀವೇ ಹರೀರಿ, ಸ್ವಾಮಿ."

ಪೈಲಟ್

ಇದು ಬೇಲೂರಿನದು. ಹದಿನಾರು ವರ್ಷದೊಳಗಿನ ಹೈಸ್ಕೂಲ್ ಹುಡುಗರಿಗೆ ರಸ್ತೆ ಓಟ. ಹಗರೆ ರಸ್ತೆಯಲ್ಲಿ ಶುರು, ಬೇಲೂರಿನಲ್ಲಿ ಕೊನೆ. ಜನ ಸಾಲದೆ ನಾನೇ ಮುಖ್ಯ ರೆಫರಿ, ನಾನೇ ಪೈಲಟ್. ಪೈಲಟ್ ಅಂದರೆ ಮೊಪೆಡ್ಡಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಾ ಎದುರಿಗೆ ಬರುವ ಗಾಡಿಗಳನ್ನು ಪಕ್ಕಕ್ಕೆ ಸರಿಸುವವನು. ಹೊರಡುವ ಮುಂಚೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದೆ: "ನನ್ನನ್ನು ಯಾರೂ ದಾಟಬಾರದು. ದಾಟಿದವನು ಅಲ್ಲೇ ಔಟ್."

ಬೇಲೂರು ಇನ್ನೊಂದು ಮೈಲಿ ಇರುವಾಗ ಮೊಪೆಡ್ಡು ನಿಂತಿತು. ಎಷ್ಟು ತುಳಿದರೂ ಹೊರಡಲಿಲ್ಲ. ತಿರುಗಿ ನೋಡಿದರೆ ಹುಡುಗರು ಬಂದೇಬಿಟ್ಟಿದ್ದರು. ಎದುರಿನಿಂದ ಲಾರಿ ಬೇರೆ ಬರುತ್ತಿತ್ತು. ಗಾಡಿ ಬೇಲಿಗೆ ಒರಗಿಸಿ, ಲಾರಿಗೆ ಕೈ ಅಡ್ಡ ತೋರಿಸುತ್ತಾ ನಾನೇ ಓಡತೊಡಗಿದೆ. ಸ್ವಲ್ಪ ದೂರಕ್ಕೇ ಪಕ್ಕೆ ಹಿಡಿಯಿತು.

"ಹೋಗ್ರೋ ಮುಂದೆ," ಅಂದೆ.

"ಬೇಡ ಸಾರ್, ಔಟ್ ಮಾಡ್ತೀರ," ಅಂದ ಮುಂದಿದ್ದ ಹುಡುಗ.

"ಮಾಡಲ್ಲ ಕಣೋ."

"ಪರವಾಗಿಲ್ಲ ಸಾರ್, ನಿಧಾನಕ್ಕೆ ಹೋಗಿ. ನಾವು ಹಿಂದೆ ಬತ್ತೀವಿ."

ಊರೊಳಗೆ ಬರುತ್ತಿದ್ದಂತೆ ಎರಡೂ ಕಡೆ ಜನ ಒತ್ತಾಗಿ ನಿಂತಿದ್ದರು. ಪಕ್ಕಕ್ಕೆ ಸರಿಯೋಣ ಅಂದರೆ ಜಾಗವಿಲ್ಲ. ಕೊನೆಯ ಗೆರೆ ಕಂಡಿದ್ದೇ ಹಿಂದಿನ ಹುಡುಗರು ವೇಗ ಹೆಚ್ಚಿಸಿದರು. ತುಳಿತಕ್ಕೆ ಸಿಗಬಾರದೆಂದು ನಾನೂ ಪ್ರಾಣಭಯದಲ್ಲಿ ಓಡಿ, ಕಟ್ಟಿದ್ದ ಟೇಪನ್ನು ಎದೆಯಿಂದ ಹರಿದುಕೊಂಡು ಆಚೆ ಹೋಗಿ ಬಿದ್ದೆ. ಮುಖ್ಯ ಅತಿಥಿಗಳು ನನ್ನನ್ನು ಎಬ್ಬಿಸಿ ಹಾರ ಹಾಕಿದರು. ಫಲಿತಾಂಶ ಬರೆಯುವವರು ಮೊದಲನೇ ಸ್ಥಾನದ ಎದುರು ನನ್ನ ಹೆಸರನ್ನೇ ಬರೆದರು. ಬೇಡ ಅನ್ನಲು ನನಗೆ ದನಿಯೇ ಹೊರಡಲಿಲ್ಲ.

ಹಾರ ಕೊರಳಲ್ಲಿರುವಾಗಲೇ, ಎರಡನೆಯವನಾಗಿ ಬಂದ ಹುಡುಗನ ಮೇಷ್ಟ್ರು ಒಂದು ಹಾಳೆ ಹಿಡಿದು ಬಂದರು. ದೂರದ ಶಾಲೆಯವರು, ನನ್ನ ಪರಿಚಯ ಇರಲಿಲ್ಲ.

"ಮುಖ್ಯ ರೆಫರಿ ಎಲ್ಲಿದ್ದಾರೆ ಸಾರ್?"

"ನಾನೇ."

ಅವರು ಒಂದು ಗಳಿಗೆ ಹಾಳೆ ನೋಡಿದರು, ಒಂದು ಗಳಿಗೆ ನನ್ನನ್ನು ನೋಡಿದರು. "ಹಾಗಾದ್ರೆ ತಗೊಳ್ಳಿ. ನಿಮ್ಮ ಮೇಲೇನೇ ಬರೆದಿದ್ದೀನಿ."

ಓದಿದೆ. 'ಪ್ರಥಮ ಸ್ಥಾನ ಪಡೆದ ಓಟಗಾರನ ತಲೆಯಲ್ಲಿ ನರೆ ಕಾಣುತ್ತಿದೆ. ಅವನ ವಯಸ್ಸಿನ ಬಗ್ಗೆ ನಮಗೆ ಬಲವಾದ ಅನುಮಾನವಿದೆ. ದಯವಿಟ್ಟು ವಿಚಾರಣೆ ನಡೆಸಬೇಕು.'

ದೂರಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪೆನ್ನು ಈಸಿಕೊಂಡು ಅದರ ಕೆಳಗೇ ಬರೆದೆ: 'ವಿಚಾರಣೆ ನಡೆಸಲಾಯಿತು. ಎರಡನೇ ಸ್ಥಾನದ ಹುಡುಗನನ್ನು ಪ್ರಥಮ ಎಂದು ಘೋಷಿಸಿದೆ. ಸದರಿ ಓಟಗಾರನು ತನಗೆ ನಲವತ್ತಮೂರು ವರ್ಷವೆಂದೂ, ಓಡುವ ಉದ್ದೇಶವೇ ಇರಲಿಲ್ಲವೆಂದೂ ತಪ್ಪೊಪ್ಪಿಕೊಂಡಿರುವುದರಿಂದ ಅವನಿಗೆ ಎಚ್ಚರಿಕೆ ಕೊಟ್ಟು ಬಿಡಲಾಗಿದೆ.'